ಪದ್ಮಿನಿಯೊಳಗೆ ನೀರು: ಕೊಡಗಿನ ಮಳೆಯಲ್ಲಿ ಸೋರಿಕೆ ಹುಡುಕಿದ ನನ್ನ ಅನುಭವ

ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಮ್ಯಾಟ್ ಒದ್ದೆಯಾಯಿತೆಂದರೆ ಹೆಚ್ಚಿನವರು ಮೊದಲು ಸಿಲಿಕಾನ್ ಟ್ಯೂಬ್ ತಂದು ಮುಂದಿನ ಗಾಜಿನ ಸುತ್ತ ಬಳಿಯುತ್ತಾರೆ. ದಯವಿಟ್ಟು ಬಳಿಯಬೇಡಿ. ನೀರು ಕಾಣಿಸುವ ಜಾಗವೇ ಬೇರೆ, ನುಗ್ಗುವ ಜಾಗವೇ ಬೇರೆ. ಅದರಲ್ಲೂ ಕೊಡಗಿನಲ್ಲಿ ಗಾಡಿ ಸಮತಟ್ಟಾಗಿ ನಿಲ್ಲುವುದೇ ಅಪರೂಪ. ಏರು ಅಂಗಳದಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ವೈಪರ್ ಬುಡದಲ್ಲಿ ಇಳಿದ ನೀರು ಮ್ಯಾಟಿನ ಕೆಳಗಿನ ದಪ್ಪ ಬಟ್ಟೆಯಾದ ಫೆಲ್ಟ್ ಅಡಿಯಲ್ಲೇ ಹರಿದು ಹಿಂದಿನ ಸೀಟಿನ ಕಾಲಡಿ ಸೇರುತ್ತದೆ. ಅದನ್ನು ನೋಡಿ ಹಿಂದಿನ ಡೋರಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಬದಲಿಸಿದರೆ ದುಡ್ಡೂ ಹೋಯಿತು, ನೀರೂ ನಿಲ್ಲಲಿಲ್ಲ.

ಈ ಕೆಲಸಕ್ಕೆ ಏಪ್ರಿಲ್ ತಿಂಗಳೇ ಸರಿ. ಕಾಫಿ ಒಣಗಿಸಿ ಮುಗಿದು ಕಣ ಖಾಲಿಯಾಗಿರುತ್ತದೆ, ಬಿಸಿಲೂ ಇರುತ್ತದೆ. ಜೂನ್ ದಾಟಿ ಕಕ್ಕಡದ (ಕೊಡವರ ಆಟಿ ತಿಂಗಳ) ಮಳೆ ಹಿಡಿದ ಮೇಲೆ ಮಡಿಕೇರಿ, ಭಾಗಮಂಡಲದ ಕಡೆ ಸೀಟಿನ ಫೋಮ್ ಇರಲಿ, ಒರೆಸಿದ ತಗಡು ಕೂಡ ಒಣಗುವುದಿಲ್ಲ. ಒಣಗದ ಗಾಡಿಯಲ್ಲಿ ಹೊಸ ನೀರು ಯಾವುದು, ಹಳೆ ನೀರು ಯಾವುದು ಎಂದು ತಿಳಿಯುವುದಿಲ್ಲ.

ಮೊದಲು ಒಳಗಿನದನ್ನೆಲ್ಲ ಬಿಚ್ಚಬೇಕು. ಸೀಟು, ಮ್ಯಾಟ್, ಅದರಡಿಯ ಫೆಲ್ಟ್, ಡೋರ್ ಪ್ಯಾಡ್, ಡ್ಯಾಶ್‌ಬೋರ್ಡ್ ಕೆಳಗಿನ ಪಕ್ಕದ ರಟ್ಟು ಎಲ್ಲವೂ ಹೊರಗೆ. ಅರ್ಧ ಬಿಚ್ಚಿ ಹುಡುಕುವುದರಲ್ಲಿ ಅರ್ಥವಿಲ್ಲ. ಫೆಲ್ಟ್ ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ವಾರಗಟ್ಟಲೆ ನೀರು ಹಿಡಿದಿರುತ್ತದೆ. ಫ್ಲೋರ್ ತುಕ್ಕು ಹಿಡಿಯುವುದು ಅಲ್ಲಿಂದಲೇ. ಬರಿ ತಗಡನ್ನು ಒರೆಸಿ, ಬಿಸಿಲಿಗೆ ಬಿಟ್ಟು, ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸುತ್ತೇನೆ. ಫ್ಲೋರ್ ಮೇಲೆ ನ್ಯೂಸ್‌ಪೇಪರ್ ಹಾಸುತ್ತೇನೆ. ಒಂದು ಹನಿ ಬಿದ್ದರೂ ಪೇಪರ್ ಮೇಲೆ ಕಲೆ, ಪೌಡರ್ ಮೇಲೆ ದಾರಿ ಕಾಣುತ್ತದೆ. ಆ ದಾರಿಯನ್ನು ಮೇಲಕ್ಕೆ ಹಿಂಬಾಲಿಸಬೇಕು.

ನೀರು ಬಿಡುವ ಮೊದಲು ಎರಡು ಒಣ ಪರೀಕ್ಷೆ. ಡೋರ್ ಮುಚ್ಚುವಾಗ ಬೀಡಿಂಗ್ ಮೇಲೆ ಉದ್ದ ಕಾಗದದ ಪಟ್ಟಿ ಇಟ್ಟು, ಮುಚ್ಚಿದ ಮೇಲೆ ಎಳೆಯಿರಿ. ಬಿಗಿಯಾಗಿ ಎಳೆದು ಬಂದರೆ ಸರಿ. ಸಲೀಸಾಗಿ ಜಾರಿದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ಅಂಗೈಯಗಲ ಬಿಟ್ಟು ಬಿಟ್ಟು ಸುತ್ತಲೂ ನೋಡಬೇಕು. ಎರಡನೆಯದು, ಕತ್ತಲಾದ ಮೇಲೆ ಗಾಡಿಯಡಿ ಜೋರು ಲೈಟ್ ಹಿಡಿದು ಒಳಗೆ ಕುಳಿತು ನೋಡುವುದು. ಸೂಜಿ ಮೊನೆಯಷ್ಟು ತೂತು ಕೂಡ ನಕ್ಷತ್ರದಂತೆ ಹೊಳೆಯುತ್ತದೆ.

ಇನ್ನು ಹೋಸ್ ಪೈಪ್. ನಾಝಲ್ ಬೇಡ, ಪ್ರೆಶರ್ ವಾಷರ್ ಬೇಡವೇ ಬೇಡ. ಆ ಒತ್ತಡಕ್ಕೆ ಒಳ್ಳೆಯ ರಬ್ಬರ್ ಕೂಡ ನೀರು ಬಿಡುತ್ತದೆ, ಇಲ್ಲದ ಸೋರಿಕೆ ಹುಡುಕುತ್ತಾ ಕೂರಬೇಕಾಗುತ್ತದೆ. ಪೈಪಿನಿಂದ ನೀರು ಸುಮ್ಮನೆ ಹರಿಯಬೇಕು. ಒಬ್ಬರು ಹೊರಗೆ, ಒಬ್ಬರು ಟಾರ್ಚ್ ಹಿಡಿದು ಒಳಗೆ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ: ಸಿಲ್ (ಡೋರಿನ ಕೆಳಗಿನ ಹೊಸ್ತಿಲು), ಡೋರಿನ ಕೆಳಭಾಗ, ಕ್ವಾರ್ಟರ್ ಗಾಜು (ಡೋರಿನ ಪುಟ್ಟ ತ್ರಿಕೋನ ಗಾಜು), ವೈಪರ್ ಬುಡ, ಮುಂದಿನ ಗಾಜಿನ ಕೆಳ ಅಂಚು, ಪಕ್ಕ, ಮೇಲಂಚು, ಕೊನೆಗೆ ರೂಫಿನ ನೀರು ಕಾಲುವೆ. ಒಂದೊಂದು ಜಾಗಕ್ಕೆ ಹತ್ತು ನಿಮಿಷ ನೀರು, ಐದು ನಿಮಿಷ ಕಾಯುವಿಕೆ. ರೂಫಿನಿಂದ ಶುರು ಮಾಡಿದರೆ ನೀರು ಎಲ್ಲ ಜೋಡಣೆಗಳ ಮೇಲೂ ಹರಿದು ಯಾವುದು ಸೋರಿತೆಂದು ಗೊತ್ತಾಗದು. ಸಮತಟ್ಟಿನಲ್ಲಿ ಒಣಗಿಯೇ ಉಳಿದರೆ ಮೂತಿ ಮೇಲೆ ಮಾಡಿ ಒಮ್ಮೆ, ಕೆಳಗೆ ಮಾಡಿ ಒಮ್ಮೆ, ಚಕ್ರಕ್ಕೆ ಕಲ್ಲು ಕೊಟ್ಟು, ಮತ್ತೆ ಇದೇ ಕ್ರಮ.

ಮುಂದಿನ ಗಾಜಿನಲ್ಲಿ ನೀರು ಬರಲು ಎರಡು ದಾರಿ ಇವೆ: ಗಾಜು ಮತ್ತು ರಬ್ಬರ್ ನಡುವೆ, ಇಲ್ಲವೇ ರಬ್ಬರ್ ಮತ್ತು ತಗಡಿನ ನಡುವೆ. ನೀರು ಬೀಳುತ್ತಿರುವಾಗಲೇ ಒಳಗಿನ ರಬ್ಬರ್ ತುಟಿಯನ್ನು ತೆಳು ಬಿದಿರು ಕಡ್ಡಿಯಿಂದ ಎತ್ತಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ರಬ್ಬರಿಗೆ ಉಗುರು ಒತ್ತಿ ನೋಡಿ. ಗುರುತು ತಕ್ಷಣ ಮಾಯವಾದರೆ ಜೀವ ಇದೆ, ಸಂದು ತುಂಬುವ ಮ್ಯಾಸ್ಟಿಕ್ ಸಾಕು. ಗಟ್ಟಿಯಾಗದೆ ಮೆತ್ತಗೇ ಉಳಿಯುವ ಬ್ಯುಟೈಲ್ ಮ್ಯಾಸ್ಟಿಕ್ಕನ್ನು ಚಪ್ಪಟೆ ಮೂತಿಯ ಗನ್‌ನಿಂದ ಹೊರ ತುಟಿಯಡಿ ತುಂಬಿ, ಹೊರಬಂದದ್ದನ್ನು ಟರ್ಪೆಂಟೈನ್ ಬಟ್ಟೆಯಿಂದ ಬೇಗ ಒರೆಸಿ. ಟರ್ಪೆಂಟೈನ್ ನಿಂತರೆ ರಬ್ಬರ್ ಊದಿಕೊಳ್ಳುತ್ತದೆ. ರಬ್ಬರ್ ಒಣಗಿ ಬಿರಿದು ಮೂಲೆಗಳಲ್ಲಿ ಎಳೆದುಕೊಂಡಿದ್ದರೆ ಹೊಸದೇ ಹಾಕಬೇಕು.

ಹಳೆ ರಬ್ಬರ್ ತೆಗೆದಾಗ ಅಡಿಯ ಫ್ಲಾಂಜ್ (ರಬ್ಬರ್ ಕೂರುವ ತಗಡಿನ ಅಂಚು) ನೋಡಿ, ವಿಶೇಷವಾಗಿ ಕೆಳಗಿನ ಎರಡು ಮೂಲೆ. ಅಲ್ಲಿ ತುಕ್ಕು ಪದರ ಪದರವಾಗಿ ಉಬ್ಬಿ ರಬ್ಬರನ್ನೇ ಎತ್ತಿರುತ್ತದೆ. ಚೂಪು ಮೊಳೆಯಿಂದ ಚುಚ್ಚಿದರೆ ಎಷ್ಟೋ ಸಲ ತೂತೇ ಬೀಳುತ್ತದೆ. ತಗಡು ಹೊಳೆಯುವವರೆಗೆ ಉಜ್ಜಿ, ತೂತಿದ್ದರೆ ವೆಲ್ಡ್ ಮಾಡಿ, ಎಪಾಕ್ಸಿ ಪ್ರೈಮರ್ ಹೊಡೆದು ಪೂರ್ತಿ ಒಣಗಿಸಿ ಪೇಂಟ್ ಮಾಡದೆ ಹೊಸ ರಬ್ಬರ್ ಹಾಕಿದರೆ ಎರಡು ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಕೂರಿಸುವಾಗ ರಬ್ಬರನ್ನು ಗಾಜಿಗೆ ತೊಡಿಸಿ, ತಗಡು ಕೂರುವ ತೋಡಿನಲ್ಲಿ 4 ಮಿ.ಮೀ. ನೈಲಾನ್ ಹಗ್ಗ ಸುತ್ತಿ, ಎರಡೂ ತುದಿ ಕೆಳಗಡೆ ನಡುವಲ್ಲಿ ಒಂದು ಗೇಣು ಒಂದರ ಮೇಲೊಂದು ಬರುವಂತೆ ಒಳಗೆ ಬಿಡಬೇಕು. ಸೋಪು ನೀರು ಹಚ್ಚಿ, ಹೊರಗಿನವರು ಅಂಗೈಯಿಂದ ಒತ್ತಿದಂತೆ ಒಳಗಿನವರು ಹಗ್ಗ ಎಳೆದರೆ ತುಟಿ ತಾನಾಗಿ ಫ್ಲಾಂಜ್ ಮೇಲೆ ಕೂರುತ್ತದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಗಾಜು ಒಡೆಯುತ್ತದೆ.

ವಿನೆಗರ್ ವಾಸನೆಯ ಸಿಲಿಕಾನ್ ಯಾಕೆ ಬೇಡ ಎಂದರೆ, ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಸಿಡ್ ಬರಿ ತಗಡನ್ನು ತಿನ್ನುತ್ತದೆ. ಕೊಳೆ ರಬ್ಬರಿಗೆ ಸರಿಯಾಗಿ ಅಂಟದೆ, ಒಳಗೆ ಹೋದ ನೀರನ್ನು ಹೊರಬರದಂತೆ ಕಟ್ಟೆ ಕಟ್ಟುತ್ತದೆ. ಮುಂದೆ ಆ ಜಾಗಕ್ಕೆ ಪೇಂಟೂ ಹಿಡಿಯದು, ಸೀಲರೂ ಹಿಡಿಯದು.

ವೈಪರ್ ಬುಡದ ರಬ್ಬರ್ ವಾಷರ್ ಚಿಕ್ಕದು, ಆದರೆ ಅದು ಸೋರಿದರೆ ನೀರು ವೈರಿಂಗ್ ಮೇಲೆ ಬೀಳುತ್ತದೆ. ತಪ್ಪದೆ ಬದಲಿಸಿ. ಇಂಜಿನ್ ಕಡೆಯಿಂದ ವೈರು, ಸ್ಪೀಡೋ ಕೇಬಲ್, ಚೋಕ್ ಕೇಬಲ್ ಬರುವ ತೂತುಗಳ ರಬ್ಬರ್ ಬಳೆ, ಅಂದರೆ ಗ್ರೊಮೆಟ್ಟೂ ಅಷ್ಟೇ. ಹಾರ್ನಿಗೋ ಸ್ಟೀರಿಯೋಗೋ ಯಾರೋ ಕೊರೆದು ಹಾಗೇ ಬಿಟ್ಟ ತೂತು ಬಹಳ ಗಾಡಿಗಳಲ್ಲಿ ಇರುತ್ತದೆ. ವೈರು ತೂತಿಗೆ ಹೋಗುವ ಮುನ್ನ ತೂತಿಗಿಂತ ಕೆಳಗೆ ಬಳುಕುವಂತೆ ಬಿಟ್ಟರೆ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ.

ಡೋರಿನೊಳಗೆ ನೀರು ಹೋಗುವುದು ತಪ್ಪಲ್ಲ. ಗಾಜಿನ ಪಕ್ಕದಿಂದ ಇಳಿದು ಅಡಿಯ ತೂತುಗಳಿಂದ ಹೊರಹೋಗಬೇಕು, ಅಷ್ಟೆ. ನಮ್ಮಲ್ಲಿ ಸಿಲ್ವರ್ ಓಕ್ ಎಲೆಯ ಪುಡಿ ಮತ್ತು ಕೆಂಪು ಮಣ್ಣು ಸೇರಿ ಆ ತೂತು ಸಿಮೆಂಟಿನಂತೆ ಮುಚ್ಚುತ್ತವೆ. ತಂತಿಯಿಂದ ಬಿಡಿಸಿ, ನೀರು ಬಿಟ್ಟು ಹರಿಯುವುದನ್ನು ಕಣ್ಣಾರೆ ನೋಡಿ. ಡೋರ್ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಶೀಟನ್ನು ಗಾಜಿನ ಮೆಷಿನ್ ರಿಪೇರಿಗೆ ಬಿಚ್ಚಿದವರು ಹೆಚ್ಚಾಗಿ ವಾಪಸ್ ಹಾಕಿರುವುದಿಲ್ಲ. 800 ಗೇಜಿನ, ಅಂದರೆ 200 ಮೈಕ್ರಾನ್ ಪಾಲಿಥಿನ್ ಕತ್ತರಿಸಿ ಬ್ಯುಟೈಲ್ ಟೇಪಿನಿಂದ ಅಂಟಿಸಿ. ಶೀಟಿನ ಕೆಳ ಅಂಚು ಡೋರಿನ ಒಳಗಡೆಗೆ ಇಳಿದಿರಬೇಕು. ಹೊರಗೆ ಬಿಟ್ಟರೆ ನೀರು ನೇರ ಮ್ಯಾಟಿಗೆ. ಡೋರನ್ನು ಹ್ಯಾಂಡಲ್ ಹಿಡಿದು ಎತ್ತಿ ನೋಡಿ. ಆಟ ಇದ್ದರೆ ಹಿಂಜ್ ಪಿನ್ ಸವೆದಿದೆ, ಮೊದಲು ಅದನ್ನು ಸರಿಮಾಡದೆ ಬೀಡಿಂಗಿಗೆ ಕೈಹಾಕಬೇಡಿ.

ಹೋಸಿಗೆ ಸೋರದ ಗಾಡಿ ಓಡಿಸಿದಾಗ ಸೋರಿದರೆ ನೋಡಬೇಕಾದ್ದು ಚಕ್ರದ ಮೇಲಿನ ಫೆಂಡರ್ ಒಳಭಾಗ. ಮುಂದಿನ ಚಕ್ರ ರಸ್ತೆಯ ನೀರನ್ನು ಫ್ಲೋರ್ ಮತ್ತು ಡೋರ್ ಕಂಬ ಸೇರುವ ಜೋಡಣೆಗೆ ಎರಚುತ್ತಲೇ ಇರುತ್ತದೆ. ಹಳೆ ಟಾರ್ ಕೋಟಿಂಗ್ ಗಟ್ಟಿಯಾಗಿ ಕಂಡರೂ ನಂಬಬೇಡಿ, ಕೆರೆದು ನೋಡಿ. ತುಕ್ಕು ತೆಗೆದು, ಪ್ರೈಮರ್ ಮೇಲೆ ಜೋಡಣೆ ಮುಚ್ಚುವ ಪಾಲಿಯುರೆಥೇನ್ ಸೀಮ್ ಸೀಲರ್ ಹಾಕಿ, ಅದರ ಮೇಲೆ ಅಂಡರ್‌ಕೋಟ್. ಫ್ಲೋರಿನ ರಬ್ಬರ್ ಬಿರಡೆಗಳನ್ನೂ ಹಾಗೆಯೇ ಬದಲಿಸಿ. ಡಿಕ್ಕಿಯಲ್ಲಿ ಟೈಲ್ ಲ್ಯಾಂಪ್ ಗ್ಯಾಸ್ಕೆಟ್ ಮತ್ತು ಮುಚ್ಚಳದ ರಬ್ಬರ್ ನೋಡಿದರೆ ಸಾಕು; ರಬ್ಬರಿಗೆ ಸೀಮೆಸುಣ್ಣ ಹಚ್ಚಿ ಮುಚ್ಚಿ ತೆರೆದಾಗ ಗುರುತು ಮೂಡದ ಕಡೆ ಒತ್ತು ಇಲ್ಲ.

ಪೆಡಲ್ ಬಳಿಯ ಒದ್ದೆ ಬೆರಳಿಗೆ ಜಾರಿದರೆ, ಅಲ್ಲಿನ ಪೇಂಟ್ ಸುಲಿದಿದ್ದರೆ ಅದು ಮಳೆ ನೀರಲ್ಲ, ಬ್ರೇಕ್ ಫ್ಲೂಯಿಡ್. ಗಾಡಿ ಓಡಿಸಬೇಡಿ, ಮಾಸ್ಟರ್ ಸಿಲಿಂಡರ್ ನೋಡಿಸಿ.

ಎಲ್ಲ ಮುಗಿದ ಮೇಲೂ ಫೆಲ್ಟನ್ನು ತಕ್ಷಣ ಹಾಸುವುದಿಲ್ಲ. ಜೂನ್‌ನ ಮೊದಲ ಜೋರು ಮಳೆಗಳಲ್ಲಿ ಬರಿ ಫ್ಲೋರ್ ಮೇಲೆ ನ್ಯೂಸ್‌ಪೇಪರ್ ಹಾಕಿಯೇ ಓಡಿಸುತ್ತೇನೆ. ಆಮೇಲೂ ಫೆಲ್ಟಿಗೆ ಗಮ್ ಹಚ್ಚುವುದಿಲ್ಲ, ಎತ್ತಿ ಒಣಗಿಸಲು ಬರುವಂತೆ ಬಿಡಿಯಾಗಿ ಹಾಸುತ್ತೇನೆ. ಮಳೆಗಾಲದಲ್ಲಿ ಟಾರ್ಪಾಲನ್ನು ಗಾಡಿಗೆ ತಾಗುವಂತೆ ಹೊದೆಸಬೇಡಿ, ಅಡಿಯಲ್ಲಿ ತೇವ ಕಟ್ಟಿಕೊಳ್ಳುತ್ತದೆ. ಪಕ್ಕ ತೆರೆದ ಶೆಡ್ಡಿನಲ್ಲಿ ಕ್ವಾರ್ಟರ್ ಗಾಜು ಒಂದು ಬೆರಳು ತೆರೆದು ನಿಲ್ಲಿಸಿ.