ಮರ ಬೋಳಿಸಬೇಡಿ: ಅಂಗಳದ ಹಳೇ ಮರ ಗಾಳಿಮಳೆಗೆ ನಿಲ್ಲಬೇಕೆಂದರೆ

ಏಪ್ರಿಲ್ ಅರ್ಧ ಕಳೆಯಿತು ಅಂದರೆ ಧಾರವಾಡದಲ್ಲಿ ಒಂದಲ್ಲ ಒಂದು ಸಂಜೆ ಇದು ಆಗಿಯೇ ಆಗುತ್ತದೆ. ಮೊದಲು ಧೂಳು, ಹಿಂದೆಯೇ ಗಾಳಿ, ಆಮೇಲೆ ನಾಲ್ಕು ದಪ್ಪ ಹನಿ, ಅಷ್ಟರಲ್ಲಿ ಕರೆಂಟ್ ಹೋಗಿರುತ್ತದೆ. ಮರುದಿನ ಬೆಳಗ್ಗೆ ಓಣಿಯಲ್ಲಿ ಯಾರದ್ದೋ ಗುಲ್‌ಮೊಹರ್ ಟೊಂಗೆ ಯಾರದ್ದೋ ಕಾರಿನ ಮೇಲೆ ಬಿದ್ದಿರುತ್ತದೆ. ಉಳಿದವರೆಲ್ಲ ತಮ್ಮ ಮನೆ ಮುಂದಿನ ಮರವನ್ನು ಕತ್ತೆತ್ತಿ ನೋಡುತ್ತಾ ಮರ ಕಡಿಯುವವನಿಗೆ ಫೋನ್ ಹಚ್ಚುತ್ತಾರೆ. ಅವನು ಬಂದು ಹೇಳೋದು ಒಂದೇ ಮಾತು: "ಪೂರಾ ಬೋಳಿಸಿಬಿಡೋಣ್ರಿ ಅಕ್ಕಾರ, ಮತ್ತ ಚಿಗೀತೈತಿ."

ಚಿಗುರುತ್ತದೆ, ನಿಜ. ತೊಂದರೆ ಶುರುವಾಗೋದೇ ಆ ಚಿಗುರಿನಿಂದ. ಮೊದಲಿನ ಟೊಂಗೆ ಬೊಡ್ಡೆಯ ಒಳಗಿನಿಂದ, ವರ್ಷ ವರ್ಷಕ್ಕೂ ಪದರ ಸೇರಿಸಿಕೊಂಡು ಬೆಳೆದದ್ದು. ಬೋಳಿಸಿದ ಮೇಲೆ ಬರುವ ಚಿಗುರು ತೊಗಟೆಯ ಕೆಳಗಿನ ಪದರಕ್ಕೆ ಮಾತ್ರ ಅಂಟಿಕೊಂಡಿರುತ್ತದೆ. ಹಸಿದ ಮರ ಅಲ್ವಾ, ಅದು ಬಲು ಬೇಗ ಬೆಳೆಯುತ್ತದೆ, ಮೂರು ನಾಲ್ಕು ವರ್ಷಕ್ಕೆ ತೋಳಿನ ದಪ್ಪ ಆಗುತ್ತದೆ, ಅಷ್ಟರಲ್ಲಿ ಕೆಳಗೆ ಕಡಿದ ಮೊಂಡು ಒಳಗಿನಿಂದ ಕೊಳೆಯುತ್ತಾ ಬಂದಿರುತ್ತದೆ. ಕೊಳೆತ ಗೂಟಕ್ಕೆ ಭಾರದ ಟೊಂಗೆ ಕಟ್ಟಿದ ಹಾಗೆ.

ಇನ್ನೊಂದು ಮಾತು. ಕಟ್ಟಿಗೆ ಒಯ್ಯುತ್ತೇನೆ, ಕೂಲಿ ಬೇಡ ಅನ್ನುವವನನ್ನು ಮರ ಹತ್ತಿಸಬೇಡಿ. ಅವನಿಗೆ ಬೇಕಾದ್ದು ದಪ್ಪ, ಗಟ್ಟಿ ಟೊಂಗೆ. ನಿಮಗೆ ತೆಗೆಸಬೇಕಾದ್ದು ಒಣಗಿದ್ದು, ಸೀಳಿದ್ದು. ಇಬ್ಬರ ಲೆಕ್ಕ ಕೂಡುವುದೇ ಇಲ್ಲ. ಕೂಲಿ ಕೊಡಿ, ಕೆಳಗೆ ನಿಂತು ಯಾವುದು ಅಂತ ಬೆರಳು ಮಾಡಿ ತೋರಿಸಿ.

ನನ್ನ ಅತ್ತೆಯ ತವರು ಕುಮಟಾದ ಹತ್ತಿರ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ದಡ ಮುಟ್ಟಿದ್ದು ದೂರದ ಗುಜರಾತಿನಲ್ಲಿ, ಆದರೆ ಹೋಗುವ ದಾರಿಯಲ್ಲಿ ನಮ್ಮ ಕರಾವಳಿಯನ್ನೆಲ್ಲ ಅಲ್ಲಾಡಿಸಿಯೇ ಹೋಯಿತು. ಅಲ್ಲಿ ಮರ ಬೀಳುವ ರೀತಿಯೇ ಬೇರೆ. ಮಳೆಗಾಲ ಹಿಡಿಯಿತೆಂದರೆ ತಿಂಗಳುಗಟ್ಟಲೆ ಸುರಿದು ಮಣ್ಣು ಗಂಜಿಯಂತಾಗಿರುತ್ತದೆ, ಎಷ್ಟೋ ಕಡೆ ಸ್ವಲ್ಪ ಕೆಳಗೇ ಕೆಂಪು ಕಲ್ಲು ಇರುವುದರಿಂದ ಬೇರು ಆಳಕ್ಕೆ ಇಳಿದಿರುವುದಿಲ್ಲ, ಹಾಗಾಗಿ ಗಾಳಿ ಬಂದಾಗ ಮರ ಬುಡಸಮೇತ ಮಲಗುತ್ತದೆ. ನಮ್ಮಲ್ಲಿ ಜಾಸ್ತಿ ಹೊಡೆತ ಬೀಳುವುದು ನೆಲ ಒಣಗಿರುವಾಗ, ಅಡ್ಡಮಳೆಯ ಗಾಳಿಗೆ. ಬುಡ ಗಟ್ಟಿಯಾಗಿ ನಿಂತಿರುತ್ತದೆ, ಟೊಂಗೆ ಮುರಿಯುತ್ತದೆ. ಅದಕ್ಕೇ ಕರಾವಳಿಯವರು ಮೊದಲು ಬುಡ ನೋಡಲಿ, ನಾವು ಮೊದಲು ತಲೆ ಎತ್ತಿ ನೋಡೋಣ.

ಹಾಗಂತ ನಮ್ಮಲ್ಲಿ ಬುಡ ಮರೆತರೆ ನಡೆಯುತ್ತದೆ ಅಂತಲ್ಲ. ನಮ್ಮ ಪಕ್ಕದ ಓಣಿಯಲ್ಲಿ ಒಂದು ದೊಡ್ಡ ಗುಲ್‌ಮೊಹರ್ ಇತ್ತು. ಕಾಂಪೌಂಡ್ ಗೋಡೆಗೆ ಪಾಯ ತೋಡುವಾಗ ಬೊಡ್ಡೆಯಿಂದ ಮೂರು ಅಡಿ ದೂರದಲ್ಲಿ ಅಡ್ಡ ಬಂದ ಬೇರನ್ನೆಲ್ಲ ಕಡಿದು ಎಸೆದರು. ಆ ವರ್ಷ ಏನೂ ಆಗಲಿಲ್ಲ, ಹೂವು ಕೂಡ ಬಿಟ್ಟಿತು. ಮುಂದಿನ ಜೂನ್‌ನಲ್ಲಿ, ಅಂಥ ದೊಡ್ಡ ಗಾಳಿಯೂ ಇಲ್ಲದ ಒಂದು ಮಧ್ಯಾಹ್ನ, ಗೋಡೆಯ ಎದುರು ದಿಕ್ಕಿಗೆ ಉರುಳಿತು. ಮರದ ಬೇರು ಎತ್ತರದಷ್ಟೇ ಆಳಕ್ಕೆ ಹೋಗಿರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಬಹುಪಾಲು ಬೇರು ಇರುವುದು ಮೇಲಿನ ಎರಡು ಅಡಿ ಮಣ್ಣಿನಲ್ಲೇ, ನೆರಳು ಬೀಳುವ ಜಾಗವನ್ನೂ ದಾಟಿ ಸುತ್ತ ಹರಡಿಕೊಂಡು. ಪೈಪ್, ಕೇಬಲ್, ಪಾಯ ಏನೇ ಇರಲಿ, ಆದಷ್ಟು ದೂರ ತೋಡಿಸಿ. ತೀರಾ ಹತ್ತಿರವೇ ತೋಡಬೇಕಾದರೆ ಜೆಸಿಬಿ ಬೇಡ, ಗುದ್ದಲಿಯಲ್ಲಿ ತೋಡಿ ದಪ್ಪ ಬೇರಿನ ಕೆಳಗಿನಿಂದ ಪೈಪ್ ತೂರಿಸಿ.

ಅಂಗಳಕ್ಕೆಲ್ಲ ಪೇವರ್ ಹಾಕಿಸಿ ಬೊಡ್ಡೆಗೆ ಕಾಂಕ್ರೀಟಿನ ಬಳೆ ತೊಡಿಸುವುದೂ ಬೇಡ. ನೀರು, ಗಾಳಿ ಎರಡೂ ಒಳಗೆ ಹೋಗಲ್ಲ. ನಮ್ಮದು ಮಸಾರಿ ಮಣ್ಣು, ಅಷ್ಟು ಕಷ್ಟ ಇಲ್ಲ. ಗದಗ, ನವಲಗುಂದದ ಕಡೆ ಎರೆ ಮಣ್ಣಿನವರಿಗೆ ಬೇಸಿಗೆಯಲ್ಲಿ ನೆಲ ಬಿರಿದಾಗ ಸಣ್ಣ ಬೇರುಗಳೂ ಹರಿಯುತ್ತವೆ. ಇದಕ್ಕೆ ಮದ್ದು ಉದುರಿದ ಎಲೆಯೇ. ಗುಡಿಸಿ ಬೆಂಕಿ ಹಚ್ಚುವ ಬದಲು ಮರದ ಸುತ್ತ ಮೂರು ನಾಲ್ಕು ಇಂಚು ಹರಡಿ, ಬೊಡ್ಡೆಗೆ ಮಾತ್ರ ತಾಗದಂತೆ ಒಂದು ಗೇಣು ಬಿಡಿ. ಫೆಬ್ರವರಿಯಿಂದ ಹದಿನೈದು ದಿನಕ್ಕೊಮ್ಮೆ ನಿಧಾನವಾಗಿ ನೀರು ಬಿಡಿ, ಬುಡಕ್ಕಲ್ಲ, ನೆರಳಿನ ಅಂಚಿಗೆ.

ಈಗ ತಲೆ ಎತ್ತಿ ನೋಡುವ ಕೆಲಸ. ಜನವರಿ, ಫೆಬ್ರವರಿಯಲ್ಲಿ ಒಂದು ಭಾನುವಾರ ಸಾಕು. ಗುಲ್‌ಮೊಹರ್ ಆಗ ಎಲೆ ಉದುರಿಸಿ ನಿಂತಿರುತ್ತದೆ, ಎಲ್ಲವೂ ಕಾಣುತ್ತದೆ. ಒಣಗಿದ ಟೊಂಗೆ ಎಲ್ಲಿದೆ? ಎರಡು ದಪ್ಪ ಟೊಂಗೆ ಇಕ್ಕಟ್ಟಾಗಿ ಕೂಡಿದ ಕಡೆ ತೊಗಟೆ ಒಳಗೆ ಮಡಚಿಕೊಂಡು ಸೀಳು ಬಿಟ್ಟಿದೆಯಾ? ಗಾಳಿಗೆ ಬೇಗ ಸೀಳುವ ಜಾಗ ಅದೇ. ಮಾವಿನ ಬೊಡ್ಡೆಯಲ್ಲಿ ತೂತು, ಕೆಳಗೆ ಕಟ್ಟಿಗೆ ಹೊಟ್ಟು ಬಿದ್ದಿದ್ದರೆ ಕಾಂಡ ಕೊರೆಯುವ ಹುಳು ಇದೆ. ಸೈಕಲ್ ಕಡ್ಡಿ ತೂರಿಸಿ ಹುಳು ಕೊಂದು ಹಸಿ ಮಣ್ಣು ಮೆತ್ತಿ. ಬುಡದಲ್ಲಿ ತಟ್ಟೆಯ ಹಾಗೆ ಗಟ್ಟಿ ಅಣಬೆ ಎದ್ದಿದ್ದರೆ ಬೇರು ಕೊಳೆಯುತ್ತಿರಬಹುದು, ಅದನ್ನು ತಿಳಿದವರಿಗೇ ತೋರಿಸಿ. ಬೊಡ್ಡೆಯನ್ನು ಕೊಡತಿಯಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಹೆದರಬೇಡಿ. ಹಳೇ ಹುಣಸೆ ಮರಗಳು ಪೊಳ್ಳಾಗಿಯೂ ಎಷ್ಟೋ ವರ್ಷ ನಿಂತಿವೆ, ಸುತ್ತಲಿನ ಕಟ್ಟಿಗೆ ಎಷ್ಟು ದಪ್ಪ ಉಳಿದಿದೆ ಅನ್ನೋದು ಮುಖ್ಯ. ಮರ ಹುಟ್ಟಿನಿಂದ ಬಾಗಿದ್ದರೂ ಚಿಂತೆ ಇಲ್ಲ. ನಿನ್ನೆ ಮೊನ್ನೆ ಬಾಗಿ, ಒಂದು ಕಡೆ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ದರೆ ಮಾತ್ರ ಮಕ್ಕಳನ್ನು ಅತ್ತ ಬಿಡಬೇಡಿ.

ಕಡಿಯುವ ರೀತಿ ಗೊತ್ತಿರಲಿ, ಹತ್ತುವವನು ನೀವಲ್ಲದಿದ್ದರೂ. ಭಾರದ ಟೊಂಗೆಯನ್ನು ಮೇಲಿನಿಂದ ಒಂದೇ ಸಲ ಕೊಯ್ದರೆ ಅದು ಬೀಳುವಾಗ ಬೊಡ್ಡೆಯ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಮೊದಲು ಬೊಡ್ಡೆಯಿಂದ ಒಂದು ಅಡಿ ಆಚೆ, ಕೆಳಗಿನಿಂದ ಮೂರರಲ್ಲಿ ಒಂದು ಭಾಗ ಗರಗಸ ಹಾಕಬೇಕು. ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಕೊಯ್ದರೆ ಟೊಂಗೆ ಬೀಳುತ್ತದೆ. ಕೊನೆಗೆ ಉಳಿದ ಮೊಂಡನ್ನು ತೆಗೆಯಬೇಕು. ಟೊಂಗೆ ಬೊಡ್ಡೆಗೆ ಸೇರುವಲ್ಲಿ ಬಳೆಯ ಹಾಗೆ ಒಂದು ಉಬ್ಬು ಇರುತ್ತದಲ್ಲ, ಅದನ್ನು ಉಳಿಸಿ, ಅದರ ಹೊರಗೇ ಕೊಯ್ಯಬೇಕು. ಗಾಯ ಮುಚ್ಚುವುದು ಆ ಉಬ್ಬೇ. ಒಂದು ವರ್ಷದಲ್ಲಿ ನಾಲ್ಕರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಹಸಿರು ತೆಗೆಯಬೇಡಿ, ಮುದಿ ಮರವಾದರೆ ಅಷ್ಟೂ ಬೇಡ. ಗಾಳಿ ಹಾದುಹೋಗಲಿ ಅಂತ ಒಳಗಿನ ಸಣ್ಣ ಟೊಂಗೆಗಳನ್ನೆಲ್ಲ ಸವರಿಸುವವರೂ ಇದ್ದಾರೆ. ಆಗ ಎಲೆಯ ಭಾರವೆಲ್ಲ ತುದಿಗೆ ಹೋಗಿ, ಟೊಂಗೆ ಗಾಳಿಗೆ ಮತ್ತೂ ಜೋರಾಗಿ ತೂಗುತ್ತದೆ. ಒಣಗಿದ್ದನ್ನು ಯಾವಾಗ ಬೇಕಾದರೂ ತೆಗೆಯಿರಿ. ಹಸಿ ಟೊಂಗೆಯಾದರೆ ಹುಣಸೆಯದ್ದು ಹಣ್ಣು ಬಡಿದ ಮೇಲೆ, ಮಾವಿನದ್ದು ಕಾಯಿ ಇಳಿಸಿದ ಮೇಲೆ ಮಳೆ ಬಿಡುವು ಕೊಟ್ಟಾಗ.

ಗಾಯಕ್ಕೆ ಸೆಗಣಿ, ಟಾರು, ಪೇಂಟ್ ಯಾವುದೂ ಬೇಡ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದು ಇದನ್ನೇ: ಮರ ಕೊಳೆತ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿಕೊಳ್ಳುತ್ತದೆ, ಮೇಲೆ ಬಳಿದದ್ದರಿಂದ ಕೊಳೆ ನಿಲ್ಲುವುದಿಲ್ಲ. ಮಾವಿಗೆ ಮಾತ್ರ ನಮ್ಮ ತೋಟದವರು ಬೋರ್ಡೋ ಮುಲಾಮು ಹಚ್ಚುತ್ತಾರೆ, ಮಳೆಗಾಲದಲ್ಲಿ ಕಡಿದಾಗ ನಾನೂ ಹಚ್ಚುತ್ತೇನೆ. ಒಂದು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಕಬ್ಬಿಣದ್ದು ಬೇಡ.

ಪಂಚಮಿ ಜೋಕಾಲಿಯನ್ನು ಬೇಡ ಅನ್ನಲು ನನಗೆ ಧೈರ್ಯ ಇಲ್ಲ, ಮೊಮ್ಮಕ್ಕಳು ಬಿಡುವುದೂ ಇಲ್ಲ. ಆದರೆ ಹಗ್ಗದ ಕೆಳಗೆ ಗೋಣಿಚೀಲ ಸುತ್ತಿ, ಹಬ್ಬ ಮುಗಿದ ಮೇಲೆ ಮರೆಯದೆ ಬಿಚ್ಚಿ. ನಮ್ಮ ಬೇವಿನ ಮರದಲ್ಲಿ ಬಟ್ಟೆ ಒಣಹಾಕಲು ಕಟ್ಟಿದ ತಂತಿ ಟೊಂಗೆಯ ಒಳಗೇ ಹುಗಿದುಹೋಗಿತ್ತು. ಆ ಟೊಂಗೆ ಸರಿಯಾಗಿ ಅಲ್ಲಿಯೇ ಮುರಿಯಿತು.

ಕರೆಂಟ್ ತಂತಿಗೆ ತಾಗುವ ಟೊಂಗೆಯನ್ನು ನೀವೂ ಮುಟ್ಟಬೇಡಿ, ಕೂಲಿಯವನನ್ನೂ ಹತ್ತಿಸಬೇಡಿ. ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಹೇಳಿ, ಲೈನ್ ಬಂದ್ ಮಾಡಿಸಿಯೇ ಮುಂದಿನ ಕೆಲಸ. ಇಡೀ ಮರ ತೆಗೆಯಲೇಬೇಕು ಅಂತಾದರೆ, ಅದು ನಿಮ್ಮ ಅಂಗಳದ್ದೇ ಆದರೂ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ.

ಗಾಳಿ ಬಂದುಹೋದ ಬೆಳಗ್ಗೆ ಮೊದಲು ಮೇಲೆ ನೋಡಿ, ಆಮೇಲೆ ಕೆಳಗೆ ಹೆಜ್ಜೆ ಇಡಿ. ಮುರಿದು ಅರ್ಧ ನೇತಾಡುವ ಟೊಂಗೆ ಮೂರು ದಿನ ಬಿಟ್ಟೂ ಬೀಳಬಹುದು. ಸೀಳಿದ ಕಡೆ ಅಡ್ಡಾದಿಡ್ಡಿ ಉಳಿದ ತುಂಡನ್ನು ನೀಟಾಗಿ ಕೊಯ್ಸಿ. ತೋಳಿಗಿಂತ ತೆಳ್ಳಗಿನ ಗಿಡ ಬಾಗಿದ್ದರೆ ಮಣ್ಣು ಹಸಿ ಇರುವಾಗಲೇ ಎತ್ತಿ ಗೂಟ ಕೊಡಿ. ದೊಡ್ಡ ಮರವನ್ನು ಟ್ರ್ಯಾಕ್ಟರ್ ಕಟ್ಟಿ ಎಳೆಸಿ ನಿಲ್ಲಿಸಿದರೂ ಹರಿದ ಬೇರು ಕೂಡಿಕೊಳ್ಳುವುದಿಲ್ಲ. ಚೇತರಿಸಲಿ ಅಂತ ಯೂರಿಯಾ ಸುರಿಯಬೇಡಿ, ಆ ವರ್ಷ ಬರೀ ನೀರು ಸಾಕು. ಇನ್ನು ಉದುರಿದ ಮಾವಿನಕಾಯಿ. ಪೆಟ್ಟು ಬಿದ್ದದ್ದನ್ನು ಉಪ್ಪಿನಕಾಯಿಗೆ ಹಾಕಿದರೆ ಜಾಡಿಯೇ ಕೆಡುತ್ತದೆ, ಅವತ್ತೇ ತುರಿದು ಚಿತ್ರಾನ್ನಕ್ಕೆ ಹಾಕಿಬಿಡಿ.