ಸೆಕೆಂಡ್ ಹ್ಯಾಂಡ್ ಕನ್ವರ್ಟಿಬಲ್ ಕೊಳ್ಳುವ ಮುಂಚೆ ರೂಫಿಗೆ ನೀರು ಹೊಯ್ದು ನೋಡಿ

ಜೂನ್ ಎರಡನೇ ವಾರ ತೀರ್ಥಹಳ್ಳಿಯಿಂದ ಚಿಕ್ಕಪ್ಪನ ಮಗನ ಫೋನು. "ಅಣ್ಣಾ, ಕಾರೊಳಗೆ ಕಪ್ಪೆ ಕೂತಿದೆ!"

ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಆಸೆಪಟ್ಟು ತಂದ ಕನ್ವರ್ಟಿಬಲ್, ಅಂದರೆ ರೂಫ್ ತೆರೆದು ಮುಚ್ಚುವ ಕಾರು ಅದು. ಯಾವ ಕಂಪನಿಯದ್ದು ಅನ್ನೋದು ಬೇಡ ಬಿಡಿ. ಮಾರುವವನು ಒಂದು ಸಲ ಬಟನ್ ಒತ್ತಿ ತೋರಿಸಿದ, ಬಟ್ಟೆಯ ರೂಫ್ ಮಡಚಿಕೊಂಡು ಹಿಂದೆ ಹೋಗಿ ಕೂತಿತು, ಇವನು ಅಲ್ಲೇ ಅಡ್ವಾನ್ಸ್ ಕೊಟ್ಟ. ಮಳೆ ಹಿಡಿದ ನಾಲ್ಕೇ ದಿನಕ್ಕೆ ಪಕ್ಕದ ಸೀಟಿನ ಕಾಲಡಿ ನೀರು ನಿಂತಿತ್ತು.

ಬೆಂಗಳೂರಲ್ಲಿ ವರ್ಷಕ್ಕೆ ಬೀಳುವ ಮಳೆ 1000 ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ 7000 ದಾಟುತ್ತದೆ. ಬೆಂಗಳೂರಲ್ಲಿ ವರ್ಷಗಟ್ಟಲೆ ಸೋರದ ರೂಫಿನ ಬಣ್ಣ ನಮ್ಮ ಕಡೆ ಒಂದೇ ಆಷಾಢಕ್ಕೆ ಬಯಲಾಗುತ್ತದೆ. ಆಮೇಲೆ ಅವನ ಸ್ನೇಹಿತನಿಗೆ ಇಂಥದ್ದೇ ಕಾರು ನೋಡಲು ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಅವತ್ತು ಏನೇನು ನೋಡಿದೆವು ಅಂತ ಬರೆಯುತ್ತೇನೆ.

ಬೆಳಿಗ್ಗೆ ಬೇಗ ಹೋಗಿ. ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ, ರೂಫ್ ಮುಟ್ಟಬೇಡಿ ಅಂತ ಹಿಂದಿನ ದಿನವೇ ಫೋನಲ್ಲಿ ಹೇಳಿಬಿಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸುಸ್ತಾದ ಬ್ಯಾಟರಿ, ರೂಫ್ ಎತ್ತಿ ಇಳಿಸುವ ಸವೆದ ಪಂಪು ಎರಡೂ ಸಿಕ್ಕಿಬೀಳುತ್ತವೆ. ನೀವು ಹೋಗುವಾಗ ರೂಫ್ ಆಗಲೇ ತೆರೆದೇ ಇದ್ದರೆ ನನಗಂತೂ ಅನುಮಾನ. ಮುಚ್ಚಲು ಬರದ ರೂಫನ್ನು ತೆರೆದಿಟ್ಟು ಮಾರುವುದು ಸುಲಭ ಅಲ್ವಾ?

ಬಟನ್ ಒತ್ತುವ ಕೆಲಸ ಮಾರುವವನಿಗೇ ಬಿಡಿ. ನೀವು ಹೊರಗೆ, ಗಾಡಿಯ ಹಿಂದೆ ನಿಲ್ಲಿ. ಇಂಜಿನ್ ಓಡುತ್ತಿರಲಿ, ಯಾಕೆಂದರೆ ಈ ಪಂಪು ಬ್ಯಾಟರಿಯನ್ನು ಜಾಸ್ತಿ ಹೀರುತ್ತದೆ. ಸುಮಾರು ಕಾರುಗಳಲ್ಲಿ ರೂಫ್ ಬಂದು ಕೂರುವ ಜಾಗಕ್ಕೆ ಡಿಕ್ಕಿಯೊಳಗೆ ಒಂದು ಅಡ್ಡ ಪರದೆ ಇರುತ್ತದೆ, ಅದನ್ನು ಎಳೆದು ಸಿಕ್ಕಿಸದಿದ್ದರೆ ರೂಫ್ ಅಲ್ಲಾಡುವುದೇ ಇಲ್ಲ. ಹಾಗಾಗಿ ಕೆಲಸ ಮಾಡಲಿಲ್ಲ ಅಂದ ತಕ್ಷಣ ಹೆದರಬೇಡಿ, ಮೊದಲು ಅದನ್ನು ನೋಡಿ.

ಫೋನಲ್ಲಿ ಟೈಮ್ ಹಿಡಿಯಿರಿ. 2014ರ ನಂತರದ ಆಡಿ ಎ3 ಕ್ಯಾಬ್ರಿಯೋಲೆಗೆ ಕಂಪನಿ ಹೇಳುವುದು 18 ಸೆಕೆಂಡ್, 2016ರ ನಂತರದ ಮಿನಿ ಕನ್ವರ್ಟಿಬಲ್‌ಗೂ ಅಷ್ಟೇ. 2009ರಲ್ಲಿ ಬಂದ ಬಿಎಂಡಬ್ಲ್ಯು ಜೆಡ್4ನ ಲೋಹದ ರೂಫಿಗೆ 20. ಒಂದೆರಡು ಸೆಕೆಂಡ್ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ, 30 ದಾಟಿದರೆ ಕೆಡಿಸಿಕೊಳ್ಳಿ. ಎಡಗಡೆ ತೋಳು, ಬಲಗಡೆ ತೋಳು ಒಟ್ಟಿಗೆ ಏಳಬೇಕು. ಒಂದು ಕಡೆ ಹಿಂದೆ ಬಿದ್ದು ರೂಫ್ ಓರೆಯಾದರೆ ಆ ಕಡೆಯ ಸಿಲಿಂಡರ್ ಅಥವಾ ಕೀಲು ಹೋಗಿದೆ. ಪಂಪಿನ ಸದ್ದು ಒಂದೇ ಸಮ ಗುಂಯ್ ಅನ್ನಬೇಕು. ಮಧ್ಯೆ ನರಳುವುದು, ಟಕ್ ಅಂತ ನಿಂತು ಮತ್ತೆ ಹೊರಡುವುದು ಇರಬಾರದು.

ಒಂದು ಸಲ ಸಾಲದು. ಮೂರು ಸಲ ತೆರೆಸಿ, ಮುಚ್ಚಿಸಿ. ನಾವು ನೋಡಿದ ಗಾಡಿ ಎರಡು ಸಲ ಚೆನ್ನಾಗಿ ಮುಚ್ಚಿಕೊಂಡಿತು. ಮೂರನೇ ಸಲ ಮುಂದಿನ ಗಾಜಿನ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ನಿಂತುಬಿಟ್ಟಿತು. ಮಾರುವವನು ಓಡಿ ಬಂದು, "ಕೈಯಲ್ಲಿ ಸ್ವಲ್ಪ ಒತ್ತಿದ್ರೆ ಆಯ್ತು ಸಾರ್, ಬರೀ ಸೆನ್ಸರ್ ಪ್ರಾಬ್ಲಂ" ಅಂದ. ಇರಬಹುದು. ಆದರೆ ಬರೀ ಸೆನ್ಸರ್ ಆಗಿದ್ದರೆ ಹಾಕಿಸಿಯೇ ಮಾರುತ್ತಿದ್ದ ಅಲ್ವಾ? ರಿಪೇರಿ ಮಾಡಿಸಿ ಫೋನ್ ಮಾಡಿ ಅಂತ ಹೇಳಿ ಬಂದೆವು. ಇನ್ನೂ ಫೋನ್ ಬಂದಿಲ್ಲ.

ಹೈಡ್ರಾಲಿಕ್ ಪಂಪು ಸಾಮಾನ್ಯವಾಗಿ ಡಿಕ್ಕಿಯ ಪಕ್ಕದಲ್ಲೋ ಹಿಂದಿನ ಸೀಟಿನ ಬೆನ್ನಿಗೋ ಇರುತ್ತದೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ, ಎಣ್ಣೆ ಹತ್ತಬಾರದು. ಕೆಲವು ಕಾರುಗಳಲ್ಲಿ ಮುಂದಿನ ಗಾಜಿನ ಮೇಲಿನ ಲಾಕಿಗೂ ಒಂದು ಪುಟ್ಟ ಸಿಲಿಂಡರ್ ಇರುತ್ತದೆ, ಅದು ಸೋರಿದರೆ ಎಣ್ಣೆ ನೇರ ತಲೆ ಮೇಲೆ. "ಆಯಿಲ್ ಸ್ವಲ್ಪ ಕಮ್ಮಿ ಇದೆ, ಹಾಕಿದ್ರೆ ಸರಿ" ಅನ್ನುವ ಮಾತು ನಂಬಬೇಡಿ. ಆ ಎಣ್ಣೆ ಖರ್ಚಾಗುವಂಥದ್ದಲ್ಲ, ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ.

ಬಟ್ಟೆಯ ರೂಫ್ ಆದರೆ ಬಿಸಿಲಲ್ಲಿ ರೂಫ್ ಮುಚ್ಚಿ ಒಳಗೆ ಕೂತು ಮೇಲೆ ನೋಡಿ. ಮಡಿಕೆ ಬೀಳುವ ಮೂಲೆಗಳಲ್ಲಿ ಸೂಜಿ ಚುಚ್ಚಿದ ಹಾಗೆ ಬೆಳಕು ಕಂಡರೆ ಅಲ್ಲಿ ಕಂಬಿ ತಿಕ್ಕಿ ತೂತಾಗಿದೆ. ಹಿಂದಿನ ಗಾಜಿನ ಅಂಚನ್ನು ಒಳಗಿನಿಂದ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ. ಅಂಟು ಬಿಟ್ಟಿದ್ದರೆ ಸಂದು ಕಾಣುತ್ತದೆ. ನಮ್ಮ ಕಡೆ ಓಡಿದ ಗಾಡಿಯಾದರೆ ಹಸಿರು ಪಾಚಿ, ಮಂಗಗಳ ಉಗುರಿನ ಗುರುತು ಎರಡನ್ನೂ ಹುಡುಕಿ. ತಮಾಷೆ ಅಲ್ಲ, ತೋಟದ ಮನೆಯವರಿಗೆ ಗೊತ್ತು.

ಈಗ ನೀರಿನ ವಿಷಯ. ರೂಫಿನ ಮೇಲೆ ಬಿದ್ದ ನೀರು ಹಿಂದೆ ಎರಡೂ ಪಕ್ಕದ ಕಾಲುವೆಗೆ ಇಳಿದು, ಅಲ್ಲಿಂದ ಸಣ್ಣ ಪೈಪಿನಲ್ಲಿ ಗಾಡಿಯ ಕೆಳಗೆ ಹೋಗಬೇಕು. ಆ ಪೈಪು ಕಟ್ಟಿಕೊಂಡರೆ ನೀರಿಗೆ ಒಳಗೆ ಬರದೆ ಬೇರೆ ದಾರಿ ಇಲ್ಲ. ತಮ್ಮನ ಗಾಡಿಯಲ್ಲಿ ರೂಫನ್ನು ಅರ್ಧಕ್ಕೆ ನಿಲ್ಲಿಸಿ ಕೈ ಹಾಕಿದಾಗ ಒಂದು ಮುಷ್ಟಿ ಗೊಬ್ಬರ ಬಂತು. ಮೇ ಫ್ಲವರ್ ಮರದ ಸಣ್ಣ ಸಣ್ಣ ಎಲೆಗಳು ಕೊಳೆತು ಟೀ ಚರಟದ ಹಾಗೆ ಕಪ್ಪಾಗಿದ್ದವು, ಅದರೊಳಗೆ ಒಂದು ಎರೆಹುಳ ಬೇರೆ. 2002ರಿಂದ 2008ರವರೆಗಿನ ಹಳೇ ಜೆಡ್4ನಲ್ಲಂತೂ ರೂಫಿನ ಮೋಟರ್ ಇರುವುದೇ ಈ ನೀರಿಳಿಯುವ ಗುಂಡಿಯಲ್ಲಿ. ಪೈಪು ಕಟ್ಟಿದರೆ ಮೋಟರ್ ಮುಳುಗಿ ಸಾಯುತ್ತದೆ.

ಅರ್ಧ ಲೀಟರ್ ಬಾಟಲಿ ಹಿಡಿದು ಎರಡೂ ಪಕ್ಕದ ಕಾಲುವೆಗೆ ನಿಧಾನ ಹೊಯ್ಯಿರಿ. ತಕ್ಷಣ ಹಿಂದಿನ ಚಕ್ರದ ಹತ್ತಿರ ನೆಲಕ್ಕೆ ಇಳಿಯಬೇಕು. ಇಳಿಯದಿದ್ದರೆ ತಂತಿ ತುರುಕಬೇಡಿ, ಒಳಗೆ ಪೈಪು ಕಳಚಿಕೊಂಡರೆ ಇನ್ನೂ ಕಷ್ಟ. ಮ್ಯಾಟ್ ತೆಗೆದು ಕಾರ್ಪೆಟ್ಟನ್ನು ಮುಷ್ಟಿಯಿಂದ ಒತ್ತಿ, ಮೇಲೆ ಒಣಗಿದ್ದರೂ ಕೆಳಗಿನ ಫೋಮ್ ವಾರಗಟ್ಟಲೆ ನೀರು ಹಿಡಿದಿರುತ್ತದೆ, ಸುಮಾರು ಕಾರುಗಳಲ್ಲಿ ಎಲೆಕ್ಟ್ರಾನಿಕ್ ಡಬ್ಬಿಗಳು ಇರುವುದೂ ಅಲ್ಲೇ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ, ಕೊನೆಯಲ್ಲಿ ಬೂಸು ಇದೆಯಾ, ಮಣ್ಣಿನ ಗೆರೆ ಇದೆಯಾ ನೋಡಿ. ಸ್ಟೆಪ್ನಿ ಗುಂಡಿಗೂ ಕೈ ಹಾಕಿ. ಬಾಗಿಲು ತೆಗೆದ ಕೂಡಲೇ ಸೆಂಟಿನ ವಾಸನೆ ಮೂಗಿಗೆ ಹೊಡೆದರೆ ಎಲ್ಲವನ್ನೂ ಇನ್ನೊಂದು ಸಲ ನೋಡಿ.

ಆಮೇಲೆ ಗಿಡಕ್ಕೆ ನೀರು ಬಿಡುವ ಸಾದಾ ಪೈಪಿನಲ್ಲಿ ಹತ್ತು ನಿಮಿಷ ರೂಫ್ ನೆನೆಸಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ. ವಾಟರ್ ವಾಶ್ ಗನ್ ಬೇಡ, ಅದರ ಹೊಡೆತಕ್ಕೆ ಗಾಜಿನ ಸುತ್ತಲಿನ ಒಳ್ಳೆಯ ರಬ್ಬರ್ ಬೀಡಿಂಗ್ ದಾಟಿಯೂ ನೀರು ನುಗ್ಗುತ್ತದೆ, ಸುಮ್ನೆ ಜಗಳ. ಪಕ್ಕದ ಗಾಜಿನ ಮೂಲೆಯಲ್ಲಿ ಒಂದೆರಡು ಹನಿ ಬಂದರೆ ಗಾಜು ಸರಿ ಕೂತಿಲ್ಲ ಅಥವಾ ಬೀಡಿಂಗ್ ಒಣಗಿದೆ, ಅಷ್ಟಕ್ಕೆ ಚೌಕಾಸಿ ಮಾಡಿ ತಗೊಳ್ಳಬಹುದು. ಸೀಟಿನ ಹಿಂದಿನಿಂದ ನೀರು ಹರಿದರೆ ಕೀ ವಾಪಸ್ ಕೊಡಿ.

ಹೊರಡುವ ಮುಂಚೆ ಇನ್ನೊಂದು. ಗಾಡಿಯ ಕರೆಂಟ್ ಕೈಕೊಟ್ಟರೆ ರೂಫನ್ನು ಕೈಯಲ್ಲಿ ಮುಚ್ಚುವುದು ಹೇಗೆ ಅಂತ ಮಾರುವವನಿಂದಲೇ ಮಾಡಿಸಿ ನೋಡಿ, ವೀಡಿಯೋ ಮಾಡಿಕೊಳ್ಳಿ. ಇಂಥ ರೂಫ್ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಶಿವಮೊಗ್ಗದಲ್ಲಿ ನನಗಿನ್ನೂ ಸಿಕ್ಕಿಲ್ಲ. ತಮ್ಮನ ಕಾರು ಸದ್ಯ ಅಡಿಕೆ ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ನಿಂತಿದೆ, ಸೀಟುಗಳು ಬಚ್ಚಲೊಲೆಯ ಪಕ್ಕ ಒಣಗುತ್ತಿವೆ.