ತನ್ನದೇ ಹಳೇ ಹಾಡನ್ನು ಫಂಕ್ ಬ್ಯಾಂಡ್ ಹೊಸದಾಗಿ ಕಟ್ಟುವ ಬಗೆ

ಐದಾರು ವರ್ಷ ಸ್ಟೇಜಿನಲ್ಲಿ ನುಡಿಸಿದ ಹಾಡು ಯಾರೂ ಹೇಳದೆಯೇ ಬದಲಾಗಿರುತ್ತದೆ. ವೇಗ ಏರಿರುತ್ತದೆ, ಬೇಸ್ ಗಿಟಾರಿನ ಸಾಲಿಗೆ ಮೂರ್ನಾಲ್ಕು ನೋಟ್ ಸೇರಿಕೊಂಡಿರುತ್ತವೆ, ಹಾಡುವವರ ದನಿ ಇಳಿದಿರುತ್ತದೆ. ಇದನ್ನು ಸರಿಪಡಿಸಲು ಹೊರಟ ಬ್ಯಾಂಡುಗಳು ಸಾಮಾನ್ಯವಾಗಿ ಮೇಲಿನಿಂದ ಶುರುಮಾಡುತ್ತವೆ: ಹೊಸ ಹಾರ್ನ್ (ಟ್ರಂಪೆಟ್, ಸ್ಯಾಕ್ಸ್‌ನಂಥ ಊದುವ ವಾದ್ಯ) ಸಾಲು, ಹೊಸ ಸಿಂಥ್, ಇನ್ನೊಂದು ಸೋಲೊ. ಅಡಿಯಲ್ಲಿ ಡ್ರಮ್ಸ್ ಮತ್ತು ಬೇಸ್ ಹಾಗೇ ಉಳಿದರೆ ಹಾಡು ಹಳೇದಾಗಿಯೇ ಕೇಳುತ್ತದೆ, ಜೊತೆಗೆ ಭಾರವೂ ಆಗುತ್ತದೆ. ಬೇಸ್ ಮತ್ತು ಡ್ರಮ್ಸ್ ಲಯವೇ ಮುಖ್ಯವಾದ ಫಂಕ್ ಸಂಗೀತದಲ್ಲಿ ಬದಲಿಸಬೇಕಾದದ್ದು ಈ ನೆಲ. ಮೇಲಿನ ಗುರುತು ಉಳಿಯಬೇಕು.

ಜಾಝ್ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ 'ವಾಟರ್‌ಮೆಲನ್ ಮ್ಯಾನ್' ಅನ್ನು ಮೊದಲು ರೆಕಾರ್ಡ್ ಮಾಡಿದ್ದು 1962ರಲ್ಲಿ. 1973ರ 'ಹೆಡ್ ಹಂಟರ್ಸ್' ಆಲ್ಬಮ್ಮಿನಲ್ಲಿ ಅದೇ ಹಾಡು ತುಂಬಾ ನಿಧಾನವಾಗಿ, ಪಾಲ್ ಜಾಕ್ಸನ್‌ರ ಬೇಸ್ ಮತ್ತು ಹಾರ್ವಿ ಮೇಸನ್‌ರ ಡ್ರಮ್ಸ್ ಮೇಲೆ ಕೂತಿದೆ. ಬಿಲ್ ಸಮ್ಮರ್ಸ್ ಬಿಯರ್ ಬಾಟಲಿ ಊದಿ ಆರಂಭ ಕಟ್ಟುತ್ತಾರೆ; ಮೂಲ ಟ್ಯೂನ್ ಬರುವಷ್ಟರಲ್ಲಿ ಒಂದು ನಿಮಿಷ ದಾಟಿರುತ್ತದೆ. ಆದರೂ ಅದು ಬಂದ ಕ್ಷಣ ಗುರುತು ಸಿಗುತ್ತದೆ. ಫಂಕ್ ಗಾಯಕ ಜೇಮ್ಸ್ ಬ್ರೌನ್ 1969ರಲ್ಲಿ ಸಿಂಗಲ್ ಆಗಿ ಹೊರತಂದ 'ಗಿವ್ ಇಟ್ ಅಪ್ ಆರ್ ಟರ್ನಿಟ್ ಎ ಲೂಸ್' ಕೂಡ ಹೀಗೆಯೇ. 1970ರ 'ಸೆಕ್ಸ್ ಮಷೀನ್' ಆಲ್ಬಮ್ಮಿನಲ್ಲಿ ಬೂಟ್ಸಿ ಕಾಲಿನ್ಸ್ ಬೇಸ್ ಹಿಡಿದ ಮೇಲೆ ಅದರ ನಡಿಗೆಯೇ ಬೇರೆಯಾಯಿತು, ಅವಧಿಯೂ ಹಿಗ್ಗಿತು. ಕೂಗು ಮಾತ್ರ ಅದೇ. ಈ ಎರಡು ಜೋಡಿಗಳನ್ನು ಬ್ಯಾಂಡಿನವರೆಲ್ಲ ಒಟ್ಟಿಗೆ ಕೂತು ಕೇಳಿ. ಒಂದು ಸಂಜೆ ಸಾಕು.

ಮೊದಲ ಕೆಲಸ ಲೆಕ್ಕ ತೆಗೆಯುವುದು. ನಿಮ್ಮ ಹಾಡಿನ ಮೊದಲ ರೆಕಾರ್ಡಿಂಗ್ ಮತ್ತು ತೀರಾ ಇತ್ತೀಚಿನ ಲೈವ್ ರೆಕಾರ್ಡಿಂಗ್ ಎದುರಿಗಿಡಿ. ಎರಡರಲ್ಲೂ ಆರಂಭದ ಮತ್ತು ಕೊನೆಯ ಟೆಂಪೊ (ನಿಮಿಷಕ್ಕೆ ಎಷ್ಟು ಬೀಟ್) ಅಳೆದು ಬರೆದುಕೊಳ್ಳಿ, ಪ್ರತಿ ಭಾಗಕ್ಕೆ ಎಷ್ಟು ಬಾರ್ (ನಾಲ್ಕು ಬೀಟಿನ ಒಂದು ಸುತ್ತು) ಎಂದು ಎಣಿಸಿ. ಆಮೇಲೆ ವಾದ್ಯ ಎಲ್ಲ ಬದಿಗಿಟ್ಟು, ಬರೀ ಚಪ್ಪಾಳೆಯ ಮೇಲೆ ಹಾಡಿನ ಮುಖ್ಯ ಸಾಲು ಹಾಡಿಸಿ. ಅಷ್ಟರಲ್ಲೇ ಹಾಡು ಗುರುತಾದರೆ ಆ ಸಾಲೇ ಅದರ ಬೆನ್ನೆಲುಬು, ಅದನ್ನು ಮುಟ್ಟಬೇಡಿ. ಗುರುತಾಗದೆ, ಬೇಸ್ ಬಂದ ಮೇಲಷ್ಟೇ ಜನ ತಲೆ ಆಡಿಸಿದರೆ ಬೆನ್ನೆಲುಬು ಇರುವುದು ಬೇಸ್ ಸಾಲಿನಲ್ಲಿ. ಆಗ ಆ ಸಾಲನ್ನು ಉಳಿಸಿಕೊಂಡು ಡ್ರಮ್ಸ್ ಮತ್ತು ಟೆಂಪೊ ಮಾತ್ರ ಬದಲಿಸಬೇಕು.

ಟೆಂಪೊಗೆ ಮೂರು ಪ್ರಯತ್ನ ಮಾಡಿ. ಹಳೇದು 108 ಇದ್ದರೆ 108, 102, 96ರಲ್ಲಿ ತಲಾ ಎರಡು ನಿಮಿಷ ನುಡಿಸಿ ರೆಕಾರ್ಡ್ ಮಾಡಿ. 108ರಲ್ಲಿ ಬೀಟಿನ ಕಾಲು ಭಾಗ ಸುಮಾರು 139 ಮಿಲಿಸೆಕೆಂಡ್. 96ಕ್ಕೆ ಇಳಿದರೆ 156. ಹದಿನೇಳೇ ಮಿಲಿಸೆಕೆಂಡ್ ಅನ್ನಿಸಬಹುದು, ಆದರೆ ಆ ಸಂದಿಯಲ್ಲೇ ಗ್ರೂವ್, ಅಂದರೆ ಕಾಲು ಕುಣಿಸುವ ಲಯ, ಇರುವುದು. ನಿಧಾನ ಮಾಡಿದಾಗ ಹಾಡು ಜಡವಾಯಿತೆಂದರೆ ಕಾರಣ ಹೆಚ್ಚಾಗಿ ಬೇಸ್ ನೋಟುಗಳ ಉದ್ದ: ಅಗಲವಾದ ಸಂದಿಯನ್ನು ತುಂಬಲು ಕೈ ತಾನಾಗಿ ನೋಟನ್ನು ಎಳೆಯುತ್ತದೆ. ಎಡಗೈ ಬೆರಳು ಸಡಿಲಿಸಿ ನೋಟನ್ನು ಮೊದಲಿಗಿಂತ ಬೇಗ ಕತ್ತರಿಸಿ, ಮೌನವನ್ನು ಮೌನವಾಗಿಯೇ ಬಿಡಿ.

ಈಗ ಡ್ರಮ್ಮರ್ ಮತ್ತು ಬೇಸ್ ನುಡಿಸುವವರು ಇಬ್ಬರೇ ಅರ್ಧ ಗಂಟೆ. ಉಳಿದವರು ಕೋಣೆಯ ಹೊರಗೆ. ಇದನ್ನು ಬಿಗಿಯಾಗಿ ಪಾಲಿಸಿ, ಏಕೆಂದರೆ ಒಳಗೆ ಕೂತ ಗಿಟಾರಿಸ್ಟ್ ಎರಡನೇ ನಿಮಿಷಕ್ಕೇ ಕೈ ಹಾಕುತ್ತಾರೆ. ಕಾಗದದ ಮೇಲೆ ಒಂದು ಬಾರ್‌ಗೆ 16 ಮನೆ (ಬೀಟಿಗೆ ನಾಲ್ಕು) ಎಳೆಯಿರಿ. ಮೇಲಿನ ಸಾಲಿನಲ್ಲಿ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಕೆಳಗಿನ ಸಾಲಿನಲ್ಲಿ ಬೇಸ್ ಗುರುತು ಹಾಕಿ. ಮೊದಲ ಮನೆಯಲ್ಲಿ ಇಬ್ಬರೂ ಇರಲೇಬೇಕು. ಅದು ಫಂಕ್‌ನ 'ಒನ್'; ತಾಳ ಕಲಿತವರು ಸಮಕ್ಕೆ ಬಂದು ಸೇರುವಂತೆಯೇ ಎಲ್ಲರೂ ಅಲ್ಲಿಗೆ ಬಂದು ಸೇರುತ್ತಾರೆ. ಇನ್ನೊಂದೋ ಎರಡೋ ಮನೆಯಲ್ಲಿ ಸೇರಿದರೆ ಸಾಕು. ಪ್ರತಿ ಕಿಕ್ ಮೇಲೂ ಬೇಸ್ ಬಿದ್ದರೆ ಗ್ರೂವ್ ಮೆರವಣಿಗೆಯಂತಾಗುತ್ತದೆ. ಬೇಸ್ ಒಂಬತ್ತಕ್ಕಿಂತ ಹೆಚ್ಚು ಮನೆ ಹಿಡಿದಿದ್ದರೆ ಒಂದೊಂದಾಗಿ ಅಳಿಸುತ್ತಾ ಬನ್ನಿ. ಯಾವ ನೋಟ್ ತೆಗೆದಾಗ ಕಾಲು ಕುಣಿಯುವುದು ನಿಲ್ಲುತ್ತದೋ ಅದನ್ನು ಮಾತ್ರ ವಾಪಸ್ ಇಡಿ.

ಸ್ಕೇಲ್ ಇಳಿಸುವ ವಿಷಯ ಹಾರ್ನ್ಸ್ ಇರುವ ಬ್ಯಾಂಡಿಗೆ ಸೂಕ್ಷ್ಮ. ಹಾಡು ಇ ಸ್ಕೇಲಿನಲ್ಲಿದೆ, ಹಾಡುವವರಿಗೆ ಕಷ್ಟವಾಗುತ್ತಿದೆ ಎನ್ನಿ. ನೇರವಾಗಿ ಡಿಗೆ ಇಳಿಸಿದರೆ ನಾಲ್ಕು ತಂತಿಯ ಬೇಸಿನಲ್ಲಿ ಕೆಳಗಿನ ತೆರೆದ ತಂತಿಯ ಗುಡುಗು ಹೋಗುತ್ತದೆ, ಮೂಲ ಸ್ವರವನ್ನು ಮೇಲಿನ ತಂತಿಯಲ್ಲಿ ಹುಡುಕಬೇಕಾಗುತ್ತದೆ. ಅದರ ಬದಲು ಇ ಫ್ಲ್ಯಾಟ್‌ಗೆ ಬನ್ನಿ. ಬೇಸ್ ಮತ್ತು ಗಿಟಾರ್ ತಂತಿಗಳನ್ನು ಅರ್ಧ ಸ್ವರ ಸಡಿಲಿಸಿದರೆ ಬೆರಳಿನ ಜಾಗ ಹಳೇದೇ ಉಳಿಯುತ್ತದೆ. ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸ್ ಬಿ ಫ್ಲ್ಯಾಟ್ ವಾದ್ಯಗಳಾದ್ದರಿಂದ ಅವರು ಬರೆದುಕೊಳ್ಳುವುದು ಎಫ್‌ನಲ್ಲಿ; ಮೊದಲಿನ ಎಫ್ ಶಾರ್ಪ್‌ಗಿಂತ ಎಷ್ಟೋ ಸುಲಭ. ತಂತಿ ಸಡಿಲವಾಗಿ ಫ್ರೆಟ್ಟಿಗೆ (ಕತ್ತಿನ ಮೇಲಿನ ಲೋಹದ ಪಟ್ಟಿಗೆ) ಬಡಿದರೆ ಒಂದು ಗೇಜ್ ದಪ್ಪದ ಸೆಟ್ ಹಾಕಿ.

ಗಿಟಾರ್ ಮತ್ತು ಕೀಬೋರ್ಡ್ ಬರುವುದು ಇಷ್ಟೆಲ್ಲ ಆದ ಮೇಲೆ. ಇಬ್ಬರು ಗಿಟಾರಿಸ್ಟರಿದ್ದರೆ ಒಬ್ಬರು ಮೇಲಿನ ಮೂರು ತಂತಿಯಲ್ಲಿ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳು) ಚಿಕ್ಕದಾಗಿ ಕತ್ತರಿಸಿ ನುಡಿಸಲಿ, ಇನ್ನೊಬ್ಬರು ಅಂಗೈ ಒತ್ತಿ ಒಂಟಿ ನೋಟಿನ ಸಾಲು ನುಡಿಸಲಿ. ಕೀಬೋರ್ಡಿನವರ ಎಡಗೈ ಬೇಸ್ ಇರುವ ಕಡೆ ಬೇಡ. ಹಾರ್ನ್ಸ್ ಕೊನೆಗೆ, ಹಳೇ ಸಾಲಿನ ಅರ್ಧದಷ್ಟು ಮಾತ್ರ.

ಹಾಡು ಹಿಗ್ಗಿದಾಗ ಎಡವುವುದು ಸನ್ನೆಯಲ್ಲಿ. ಒಂದೇ ಕಾರ್ಡಿನ ಮೇಲೆ ಎಷ್ಟು ಹೊತ್ತು ಬೇಕಾದರೂ ಓಡಿಸಬಹುದು, ಆದರೆ ಹೊರಬರುವ ಸನ್ನೆ ನಾಲ್ಕು ಬಾರ್ ಮುಂಚೆಯೇ ಕೊಡಬೇಕು. ಕೊನೆಯ ಬಾರ್‌ನಲ್ಲಿ ಕೈ ಎತ್ತಿದರೆ ಅರ್ಧ ಬ್ಯಾಂಡ್ ಬ್ರೇಕಿಗೆ (ಹಾಡಿನ ನಡುವೆ ವಾದ್ಯಗಳು ನಿಲ್ಲುವ ಜಾಗಕ್ಕೆ) ಹೋಗುತ್ತದೆ, ಉಳಿದರ್ಧ ಅಲ್ಲೇ ಸುತ್ತುತ್ತಿರುತ್ತದೆ. ಹೊಸ ರೂಪವನ್ನು ಕನಿಷ್ಠ ಮೂರು ಕಾರ್ಯಕ್ರಮದಲ್ಲಿ ನುಡಿಸಿ, ಒಂದೇ ಜಾಗದಿಂದ ರೆಕಾರ್ಡ್ ಮಾಡಿ, ಆಮೇಲೆ ಸ್ಟುಡಿಯೋಗೆ ಹೋಗಿ. ಹೋಗುವ ಮುನ್ನ ಹಳೇ ರೆಕಾರ್ಡಿಂಗ್ ಒಪ್ಪಂದ ಓದಿ: ಹಾಡು ಬರೆದವರು ನೀವೇ ಆಗಿದ್ದರೂ, ಇಂತಿಷ್ಟು ವರ್ಷ ಮರು-ರೆಕಾರ್ಡ್ ಮಾಡಬಾರದೆಂಬ ಷರತ್ತು ಅದರಲ್ಲಿರಬಹುದು.

ಬ್ರೌನ್‌ರ ಆ 1970ರ ಟ್ರ್ಯಾಕ್ ಸ್ಟುಡಿಯೋದಲ್ಲೇ ಆದದ್ದು. ಲೈವ್ ಅನ್ನಿಸಲೆಂದು ಜನರ ಗದ್ದಲ ಸೇರಿಸಿದ್ದರು. 1986ರ 'ಇನ್ ದ ಜಂಗಲ್ ಗ್ರೂವ್' ಸಂಕಲನಕ್ಕೆ ಆ ಗದ್ದಲ ತೆಗೆದು ಮತ್ತೆ ಮಿಕ್ಸ್ ಮಾಡಿದರು, ಹಾಡು ಮೂರನೇ ಸಲ ಹುಟ್ಟಿತು. ನೀವೂ ಪ್ರತಿ ವಾದ್ಯದ ಟ್ರ್ಯಾಕನ್ನು ಬೇರೆಬೇರೆಯಾಗಿ, ಎಲ್ಲವೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವಂತೆ, 24 ಬಿಟ್ ವೇವ್ ಫೈಲಾಗಿ ಎರಡು ಡಿಸ್ಕಿನಲ್ಲಿ ಇಡಿ. ಫೈಲಿನ ಹೆಸರಿನಲ್ಲೇ ವರ್ಷ, ಟೆಂಪೊ, ಸ್ಕೇಲ್ ಇರಲಿ.